ಎರಡು ಎಕ್ಕಕ್ಕೆ ದೇವಿದಾಸನ ದರ

ದೇವಿದಾಸನ ಮೇಲೆ ನನಗೆ ಬಂದಷ್ಟು ಸಿಟ್ಟು ಹೆಂಡತಿಯ ಮೇಲೆ ಬಂದಿಲ್ಲ, ಹೆಡ್‌ಮಾಸ್ತರರ ಮೇಲೂ ಬಂದಿಲ್ಲ. ಇಪ್ಪತ್ತೆರಡು ವರ್ಷ ಗಣಿತ ಕಲಿಸಿದ ಮನುಷ್ಯ ನಾನು. ಭಿನ್ನರಾಶಿ ಕೂಡಿಸಲು ಬಾರದವರನ್ನೆಲ್ಲ ಎಸ್ಸೆಸ್ಸೆಲ್ಸಿ ದಾಟಿಸಿದ್ದೇನೆ. ಆದರೆ ಇಸ್ಪೀಟಾಟದಲ್ಲಿ ಕೈಗೆ ಎರಡು ಎಕ್ಕ ಬಂದಾಗ ಎಷ್ಟು ದುಡ್ಡು ಮುಂದಿಡಬೇಕು ಎಂಬ ಒಂದೇ ಒಂದು ಸಂಗತಿಯನ್ನು ಆ ಪುಣ್ಯಾತ್ಮನ ತಲೆಗೆ ಹಾಕಲು ಮೂರು ಮಳೆಗಾಲ ಹೆಣಗಿದೆ. ನಾಲ್ಕನೆಯ ಮಳೆಗಾಲದಲ್ಲಿ ಒಂದು ಕಲಿಸಿದೆ, ಅವನು ಕಲಿತೂಬಿಟ್ಟ. ಕಲಿಯದೇ ಇದ್ದಿದ್ದರೆ ಚೆನ್ನಾಗಿತ್ತು.

ದೇವಿದಾಸನೆಂದರೆ ಬೇಲೆಕೇರಿಯ ದೇವಿದಾಸ, ಎಂ-ಎಯ್ಟಿ ಗಾಡಿಯ ಮೇಲೆ ಮೀನು ಮಾರುತ್ತಿದ್ದವನು. ಏಳನೆಯ ಇಯತ್ತೆಯವರೆಗೆ ನಾವಿಬ್ಬರೂ ಒಂದೇ ಬೆಂಚು. ಆಮೇಲೆ ನಾನು ಓದಿ ಮಾಸ್ತರನಾದೆ, ಹಟ್ಟಿಕೇರಿಯಲ್ಲಿ ಮನೆ ಕಟ್ಟಿದೆ. ಅವನ ಅಣ್ಣಂದಿರು ದೋಣಿ ಹಿಡಿದರು. ಇವನಿಗೆ ಮಾತ್ರ ದೋಣಿ ದಡ ಬಿಟ್ಟರೆ ಸಾಕು, ವಾಂತಿ. ಮೀನುಗಾರರ ಮನೆಯಲ್ಲಿ ಹುಟ್ಟಿ ಸಮುದ್ರ ಆಗಿಬರದವನು ಎಂದು ಕೇರಿಯೆಲ್ಲ ನಕ್ಕಿತು. ಹಾಗಾಗಿ ಅಣ್ಣಂದಿರು ಹಿಡಿದು ತಂದದ್ದನ್ನು ಮಾರುವ ಕೆಲಸ ಅವನ ಪಾಲಿಗೆ ಬಂತು.

ಮಾರುವ ರೀತಿ ಮಾತ್ರ ಅವನದೇ. ಬೆಳಿಗ್ಗೆ ಬೋಟು ನಿಲ್ಲುವ ಬೇಲೆಕೇರಿಯ ಧಕ್ಕೆಯಲ್ಲಿ ಪೆಟ್ಟಿಗೆಗೆ ಮೀನು, ಮೇಲೆ ಐಸು ತುಂಬಿ ಹೊರಟನೆಂದರೆ ಮೊದಲು ದೂರದ ಮಂಜಗುಣಿ. ದೂರದವರಿಗೆ ಮೀನು ಹಳತಾಗಬಾರದು ಎಂದು ಅವನ ಲೆಕ್ಕ. ಅಲ್ಲಿಂದ ತಿರುಗಿ, ಅಂಕೋಲೆಯ ಹೊರಗಿನ ಒಂದೆರಡು ಕೇರಿ ಮುಗಿಸಿ, ಒಂಬತ್ತಕ್ಕೆ ಸರಿಯಾಗಿ ನಮ್ಮ ಹಟ್ಟಿಕೇರಿಯಲ್ಲಿ ಪೋಂ ಎನ್ನುತ್ತಿದ್ದ. ಮಂಜಗುಣಿಯಲ್ಲಿ ತಿಮ್ಮಿ ಎಂಬ ಮುದುಕಿಯಿದ್ದಳು. ಅವಳು ಅಂಗಳದ ಸುತ್ತಲಿನ ಪಾಗಾರದ ಗೋಡೆಯ ಮೇಲೆ ಪಾತ್ರೆ ಇಟ್ಟು, ಅದರ ಕೆಳಗೆ ನೋಟು ಇಟ್ಟು ಗದ್ದೆಗೆ ಹೋಗುತ್ತಿದ್ದಳು. ಇವನು ನೋಟು ತೆಗೆದುಕೊಂಡು ಮೀನು ಹಾಕಿ, ಮೇಲೆ ಕಲ್ಲು ಹೇರಿ ಮುಂದೆ ಹೋಗುತ್ತಿದ್ದ. ಎಷ್ಟು ಹಾಕಿದ, ಯಾವುದು ಹಾಕಿದ ಎಂದು ಅವಳು ಒಂದು ದಿನವೂ ಕೇಳಿದ್ದಿಲ್ಲ.

ಅವನ ಬಾಯಿಂದ ಬರುವುದು ಒಂದೇ ದರ. ಅಗ್ಗದ ಬಂಗಡೆಗೆ ಬಂಗಡೆಯ ದರ, ದುಬಾರಿ ಇಶ್ವಾಣಕ್ಕೆ ಇಶ್ವಾಣದ ದರ. ಕಡಿಮೆ ಕೇಳಿದರೆ ಜಗಳವಿಲ್ಲ, ಸುಮ್ಮನೆ ಪೆಟ್ಟಿಗೆಯ ಮುಚ್ಚಳ ಹಾಕಿ ಗಾಡಿಗೆ ಕಿಕ್ ಹೊಡೆಯುತ್ತಿದ್ದ. ಮೀನು ಹಳತಾಗಿದ್ದರೆ ತಾನೇ ಹೇಳುತ್ತಿದ್ದ, “ಅಕ್ಕಾ, ಇದು ನಿನ್ನೇದು, ತಕಬೇಡ.” ಪೇಟೆಯಲ್ಲಿ ಮೀನು ಕೊಳ್ಳುವಾಗ ನಮ್ಮ ಹೆಂಗಸರು ಮೊದಲು ಮಾಡುವ ಕೆಲಸವೆಂದರೆ ಹೆಬ್ಬೆರಳಿನಿಂದ ಕಿವಿರು ಎತ್ತಿ ನೋಡುವುದು. ಒಳಗೆ ಕೆಂಪಗಿದ್ದರೆ ತಾಜಾ, ಕಂದಿದ್ದರೆ ಹಳತು. ದೇವಿದಾಸನ ಪೆಟ್ಟಿಗೆಯ ಮುಂದೆ ಯಾರೂ ಕಿವಿರು ಎತ್ತುತ್ತಿರಲಿಲ್ಲ. ಬೇರೆಯವರ ಹತ್ತಿರ ಎಲುಬು ಬಿಡದೆ ಚೌಕಾಶಿ ಮಾಡುವ ನನ್ನ ಹೆಂಡತಿ ವಿನುತಾ ಕೂಡ ಇವನೆದುರು ಪಾತ್ರೆ ಹಿಡಿದು ಸುಮ್ಮನೆ ನಿಲ್ಲುತ್ತಿದ್ದಳು.

ಇಂಥವನು ಇಸ್ಪೀಟಿಗೆ ಯಾಕೆ ಬರಬೇಕಿತ್ತು ಎಂದು ಕೇಳಿದರೆ, ಕರೆದುಕೊಂಡು ಹೋದವನು ನಾನೇ.

ಮಳೆಗಾಲದಲ್ಲಿ ಒಂದೂವರೆ ತಿಂಗಳು ಬೋಟುಗಳಿಗೆ ಬಂದಿ, ಸಮುದ್ರಕ್ಕೆ ಇಳಿಯುವಂತಿಲ್ಲ. ಮೀನಿಲ್ಲ, ಮೀನಿಲ್ಲದ ಮೇಲೆ ದೇವಿದಾಸನಿಗೆ ಕೆಲಸವಿಲ್ಲ. ಒಣಮೀನು ಕಟ್ಟಿಕೊಂಡು ನಾಲ್ಕು ಮನೆ ತಿರುಗಿ ಬರುತ್ತಿದ್ದ, ಅಷ್ಟೆ. ಧಕ್ಕೆಯ ಹತ್ತಿರದ ಐಸ್ ಫ್ಯಾಕ್ಟರಿಯೂ ಆಗ ಬಾಗಿಲು ಹಾಕುತ್ತಿತ್ತು. ಅದರ ಕಾವಲುಗಾರ ದತ್ತಾ ನಮ್ಮ ದೋಸ್ತ. ಹಾಗಾಗಿ ಭಾನುವಾರ ಊಟವಾದ ಮೇಲೆ ಆ ತಣ್ಣನೆಯ ಕೋಣೆಯಲ್ಲಿ ಗೋಣಿ ಹಾಸಿಕೊಂಡು ನಮ್ಮ ಆಟ. ಮೊದಲೆಲ್ಲ ರಮ್ಮಿ, ಮೂರೆಲೆ. ಎರಡು ಸಾವಿರದ ಐದರ ಮಳೆಗಾಲದಲ್ಲಿ ರಾಜೀವ ಬಂದ. ಅವನು ಪಣಜಿಯ ಹೊಳೆಯಲ್ಲಿ ನಿಂತ ಕ್ಯಾಸಿನೊ ಹಡಗಿನಲ್ಲಿ ಎರಡು ವರ್ಷ ಗ್ಲಾಸು ಎತ್ತಿ, ಬೇಸತ್ತು ಊರಿಗೆ ಬಂದು, ಬೇಲೆಕೇರಿಗೆ ಬರುವ ಅದಿರು ಲಾರಿಗಳನ್ನು ತೂಗುವಲ್ಲಿ ಕೆಲಸ ಹಿಡಿದಿದ್ದ. ಪೋಕರ್ ಆಟ ನಮ್ಮೂರಿಗೆ ಬಂದದ್ದು ಅವನ ಜತೆಗೆ.

ಆಟ ಕಷ್ಟದ್ದಲ್ಲ. ಒಬ್ಬೊಬ್ಬನಿಗೆ ಎರಡೆರಡು ಎಲೆ, ಮುಚ್ಚಿ. ಅದನ್ನು ನೋಡಿ ಮೊದಲ ಪಣ. ಆಮೇಲೆ ನಡುವೆ ಮೂರು ಎಲೆ ಬಿಚ್ಚುತ್ತಾರೆ, ಮತ್ತೆ ಪಣ. ಇನ್ನೊಂದು ಎಲೆ, ಮತ್ತೆ ಪಣ. ಕೊನೆಯ ಎಲೆ, ಕೊನೆಯ ಪಣ. ಕೈಯಲ್ಲಿನ ಎರಡು ಮತ್ತು ನಡುವಿನ ಐದು ಸೇರಿ ಯಾರದು ಒಳ್ಳೆಯದಾಯಿತೋ ಅವನಿಗೆ ರಾಶಿ. ಒಂದು ಜೋಡಿ ಎಷ್ಟೇ ದೊಡ್ಡದಿದ್ದರೂ ಎರಡು ಜೋಡಿಗೆ ಸೋಲುತ್ತದೆ. ಒಬ್ಬ ಹೆಚ್ಚು ಇಟ್ಟರೆ ಉಳಿದವರು ಅಷ್ಟೇ ಇಟ್ಟು ಜತೆಗೆ ಬರಬೇಕು, ಇಲ್ಲವೇ ಎಲೆ ಎಸೆದು ಕೂರಬೇಕು. ಹಡಗಿನಲ್ಲಿ ಪಣಕ್ಕೆ ಪ್ಲಾಸ್ಟಿಕ್ ಬಿಲ್ಲೆ ಇರುತ್ತವಂತೆ. ನಮಗೆ ತಿಸರೆಯ ಚಿಪ್ಪು. ಒಂದು ಚಿಪ್ಪಿಗೆ ಹತ್ತು ರೂಪಾಯಿ, ಒಂದು ಗೇರುಬೀಜಕ್ಕೆ ನೂರು. ಪ್ರತಿ ಆಟದಲ್ಲೂ ಸರದಿಯ ಪ್ರಕಾರ ಒಬ್ಬ ಒಂದು ಚಿಪ್ಪು, ಪಕ್ಕದವನು ಎರಡು ಚಿಪ್ಪು ಎಲೆ ನೋಡುವ ಮೊದಲೇ ಇಡಬೇಕು.

ಎರಡು ಎಕ್ಕಕ್ಕಿಂತ ಒಳ್ಳೆಯ ಆರಂಭ ಈ ಆಟದಲ್ಲಿ ಇಲ್ಲ. ಇನ್ನೂರ ಇಪ್ಪತ್ತೊಂದು ಆಟಕ್ಕೆ ಒಮ್ಮೆ ಬರುವಂಥದ್ದು. ನಮ್ಮ ಒಂದು ಮಳೆಗಾಲಕ್ಕೆ ಒಬ್ಬನಿಗೆ ಎರಡು ಸಲ ಬಂದರೆ ಹೆಚ್ಚಾಯಿತು. ದೇವಿದಾಸನಿಗೆ ಅದು ಮೊದಲ ಸಲ ಬಂದಾಗ ಅವನು ಎಲೆ ನೋಡಿ, ಕೆಳಗಿಟ್ಟು, ನಾಲ್ಕು ಗೇರುಬೀಜ ಎಣಿಸಿ ಮುಂದೆ ತಳ್ಳಿದ. ನಾಲ್ಕು ನೂರು ರೂಪಾಯಿ. ರಾಶಿಯಲ್ಲಿ ಇದ್ದದ್ದು ಮೂರು ಚಿಪ್ಪು. ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿ ಎಲೆ ಎಸೆದೆವು. ಅವನು ಮೂವತ್ತು ರೂಪಾಯಿ ಬಾಚಿಕೊಂಡು ಎಕ್ಕಗಳನ್ನು ತಿರುಗಿಸಿ ತೋರಿಸಿದ.

“ಅಲ್ಲೋ ಮಾರಾಯಾ, ಅಷ್ಟು ಇಟ್ಟರೆ ಯಾರು ಬರ್ತಾರೆ?” ಎಂದೆ.

“ಎಂತಕೆ ಬರೂದಿಲ್ಲ? ಮಾಲು ಹಾಂಗಿದ್ದದ್ದು ಅಲ್ದಾ.”

ಆಗ ನಾನು ನಕ್ಕಿದ್ದೆ. ಮುಂದಿನ ವಾರಗಳಲ್ಲಿ ನಗು ಕಡಿಮೆಯಾಯಿತು. ಯಾಕೆಂದರೆ ಅವನು ಎಲೆಗೂ ಮೀನಿನ ಹಾಗೆಯೇ ದರ ಕಟ್ಟುತ್ತಿದ್ದ. ಎಕ್ಕದ ಜೋಡಿಗೆ ನಾಲ್ಕು ಬೀಜ, ರಾಜನ ಜೋಡಿಗೆ ಮೂರು, ರಾಣಿಗೆ ಎರಡು, ಸಣ್ಣ ಜೋಡಿಗೆ ಐದು ಚಿಪ್ಪು, ಉಳಿದ ಪುಡಿಗೆಲ್ಲ ಎರಡೇ ಚಿಪ್ಪು. ಒಂದು ದಿನವೂ ತಪ್ಪಿದ್ದಿಲ್ಲ. ಅವನ ಎಲೆ ಏನೆಂದು ತಿಳಿಯಲು ಅವನ ಮುಖ ನೋಡುವುದೇ ಬೇಡ, ಮುಂದಿಟ್ಟದ್ದನ್ನು ಎಣಿಸಿದರೆ ಸಾಕು. ದೊಡ್ಡದಿಟ್ಟರೆ ಎಲ್ಲರೂ ಓಡುತ್ತಿದ್ದರು, ಸಣ್ಣದಿಟ್ಟರೆ ಎಲ್ಲರೂ ಮೇಲೆ ಬೀಳುತ್ತಿದ್ದರು. ಒಂದು ಭಾನುವಾರ ದತ್ತಾ ನನ್ನ ಜೇಬಿನ ಸೀಮೆಸುಣ್ಣ ಕಿತ್ತುಕೊಂಡು ಫ್ಯಾಕ್ಟರಿಯ ಗೋಡೆಯ ಮೇಲೆ ‘ದೇವಿದಾಸನ ದರಪಟ್ಟಿ’ ಎಂದು ಪೂರ್ತಿ ಬರೆದುಬಿಟ್ಟ. ಎಕ್ಕದ ಮುಂದೆ ಇಶ್ವಾಣ, ರಾಜನ ಮುಂದೆ ಪಾಪ್ಲೆಟ್, ಕಟ್ಟಕಡೆಯ ಪುಡಿಯ ಮುಂದೆ ತಾರ್ಲೆ. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ದೇವಿದಾಸ ಎದ್ದು ಹೋಗಿ ಪಟ್ಟಿಯನ್ನು ಮೇಲಿಂದ ಕೆಳಗೆ ಓದಿದ. ಸಿಟ್ಟು ಬಂತೇನೋ ಎಂದುಕೊಂಡೆ.

“ರಾಣಿಗೆ ಇನ್ನೂರೈವತ್ತು ಮಾಡು, ದತ್ತಾ,” ಎಂದ. “ಇನ್ನೂರು ಕಡ್ಮೆ ಆಯ್ತು.”

ನನಗೆ ತಲೆ ಚಚ್ಚಿಕೊಳ್ಳುವಂತಾಯಿತು.

ನಾನು ಮಾಸ್ತರ. ಸುಮ್ಮನಿರಲು ಬರುವುದಿಲ್ಲ. ಅವನ ಮನೆಯ ಜಗಲಿಯಲ್ಲಿ ಕೂತು ಮಗ್ಗಿ ಕಲಿಸಿದ ಹಾಗೆ ಕಲಿಸಿದೆ. ನೋಡು, ನಮ್ಮ ಮಂದಿ ಎಂಥವರು? ನಾಲ್ಕು ಚಿಪ್ಪು ಇಟ್ಟರೆ ಎಲ್ಲರೂ ಬರುತ್ತಾರೆ. ನಲವತ್ತು ಇಟ್ಟರೆ ಒಬ್ಬನೂ ಬರುವುದಿಲ್ಲ. ಎಂಟು ಇಟ್ಟರೆ ಒಬ್ಬರೋ ಇಬ್ಬರೋ ಬರುತ್ತಾರೆ. ಎಕ್ಕಕ್ಕೆ ಬೇಕಾದದ್ದು ಅದೇ, ಒಬ್ಬರೋ ಇಬ್ಬರೋ. ಒಬ್ಬನೆದುರು ಎರಡು ಎಕ್ಕ ನೂರಕ್ಕೆ ಎಂಬತ್ತೈದು ಸಲ ಗೆಲ್ಲುತ್ತದೆ. ನಾಲ್ಕು ಜನರನ್ನು ಒಳಗೆ ಬಿಟ್ಟುಕೊಂಡೆಯೋ, ಐವತ್ತೈದಕ್ಕೆ ಇಳಿಯುತ್ತದೆ. ಆದ್ದರಿಂದ ಆಡಬೇಕೆಂದ ಎಲೆಗೆಲ್ಲ ಎಂಟು ಚಿಪ್ಪು ಇಡು. ಎಕ್ಕಕ್ಕೂ ಎಂಟು, ಹತ್ತು-ಒಂಬತ್ತಕ್ಕೂ ಎಂಟು. ಆಗ ನಿನ್ನ ಕೈಯಲ್ಲಿ ಏನಿದೆಯೆಂದು ಬ್ರಹ್ಮನಿಗೂ ತಿಳಿಯುವುದಿಲ್ಲ.

ಅವನು ಶ್ರದ್ಧೆಯಿಂದ ಕೇಳುತ್ತಿದ್ದ. ಅದೇ ದೊಡ್ಡ ಉಪದ್ರವ. ಕೇಳದವನಾಗಿದ್ದರೆ ಬಿಟ್ಟುಬಿಡಬಹುದಿತ್ತು.

“ನೀ ಹೇಳೂದು ಸಮ, ಮಾಸ್ತರಾ. ಲೆಕ್ಕ ಸಮ. ಆದ್ರೆ ಬಂಗಡೆಗೆ ಇಶ್ವಾಣದ ದರ ಹೇಳೂಕೆ ಬಾಯಿ ಬರೂದಿಲ್ಲ. ಇಶ್ವಾಣಕ್ಕೆ ಬಂಗಡೆ ದರ ಹೇಳೂಕೂ ಬರೂದಿಲ್ಲ.”

“ಇದು ಮೀನಲ್ಲ ಮಾರಾಯಾ. ಇಸ್ಪೀಟು.”

“ದರ ದರನೇ ಅಲ್ದಾ,” ಎನ್ನುತ್ತಿದ್ದ.

ಅವನ ಹೆಂಡತಿ ಹೀರಾ ಒಳಗಿಂದ ಚಹ ತಂದಿಟ್ಟು, “ಮಾಸ್ತರ್ರೆ, ನೀವು ಅವರಿಗೆ ಹೇಳೂದೂ ಒಂದೇ, ಈ ಕಂಬಕ್ಕೆ ಹೇಳೂದೂ ಒಂದೇ,” ಎನ್ನುತ್ತಿದ್ದಳು. ನಾನು ಚಹ ಕುಡಿದು, ಇನ್ನು ಇವನಿಗೆ ಹೇಳಿದರೆ ನನ್ನ ಹೆಸರು ಜಗದೀಶ ಅಲ್ಲ ಎಂದುಕೊಂಡು ಬರುತ್ತಿದ್ದೆ. ಮುಂದಿನ ಭಾನುವಾರ ಅವನು ಮತ್ತೆ ರಾಜನ ಜೋಡಿಗೆ ಮೂರು ಬೀಜ ಇಡುತ್ತಿದ್ದ, ಮೂವತ್ತು ರೂಪಾಯಿ ಬಾಚುತ್ತಿದ್ದ, ನಾನು ಮತ್ತೆ ಹೇಳುತ್ತಿದ್ದೆ. ಹೀಗೆ ಎರಡು ಸಾವಿರದ ಐದು ಹೋಯಿತು, ಆರು ಹೋಯಿತು, ಏಳು ಹೋಯಿತು.

ಎರಡು ಸಾವಿರದ ಎಂಟರ ಬೇಸಿಗೆಯಲ್ಲಿ ಎಂ-ಎಯ್ಟಿ ಕೈಕೊಟ್ಟಿತು. ಹದಿನಾರು ವರ್ಷದ ಗಾಡಿ, ಉಪ್ಪುನೀರು ಸೋರಿ ಸೋರಿ ತಳ ತೂತಾಗಿತ್ತು. ಈಗ ಇಂಜಿನ್ನೂ ಹೋಯಿತು. ಅಂಕೋಲೆಯ ಮೆಕ್ಯಾನಿಕ್ ಬೊಮ್ಮು ಬಿಚ್ಚಿ ನೋಡಿ ನಾಲ್ಕು ಸಾವಿರ ಹೇಳಿದ. ದೇವಿದಾಸನ ಹತ್ತಿರ ಇದ್ದದ್ದು ಎರಡೂವರೆ. ಅದೇ ಹೊತ್ತಿಗೆ ಸುಬ್ಬ ಎನ್ನುವವನೊಬ್ಬ ಸೆಕೆಂಡ್‌ಹ್ಯಾಂಡ್ ಟೆಂಪೊ ತಂದು, ಬಂದಿ ಮುಗಿದು ಬೋಟು ಇಳಿದ ದಿನದಿಂದ ಮಂಜಗುಣಿಯಿಂದ ಹಟ್ಟಿಕೇರಿಯವರೆಗೆ ಮೀನು ಮಾರುತ್ತೇನೆ ಎಂದು ಹೇಳಿಕೊಂಡು ತಿರುಗುತ್ತಿದ್ದ. ಅಂದರೆ ದೇವಿದಾಸನ ದಾರಿ. ಆಗಸ್ಟಿನ ಮೊದಲ ವಾರದೊಳಗೆ ಗಾಡಿ ಸರಿಯಾಗದಿದ್ದರೆ ಹತ್ತೊಂಬತ್ತು ವರ್ಷ ತಿರುಗಿದ ಆ ದಾರಿ ಅವನ ಕೈ ಬಿಡುವುದು ಖಂಡಿತ. ಸೈಕಲ್ ಮೇಲೆ ಐಸು ಎಷ್ಟು ಹೊರಬಹುದು, ಮಂಜಗುಣಿಗೆ ಎಷ್ಟು ಹೊತ್ತಿಗೆ ಮುಟ್ಟಬಹುದು?

ಒಂದೂವರೆ ಸಾವಿರ ನಾನು ಕೊಡುತ್ತೇನೆ ಎಂದೆ. ಬೇಡವೆಂದ.

“ಆಟದಲ್ಲಿ ಗೆದ್ರೆ ನಂದು. ನಿನ್ನ ಹತ್ರ ತಕಂಡ್ರೆ ಅದು ನಿಂದೇ ಅಲ್ದಾ.”

ಸಿಟ್ಟು ಬಂತು, ನುಂಗಿಕೊಂಡೆ.

ಬೋಟು ಇಳಿಯುವ ಮೊದಲಿನ ಕೊನೆಯ ಭಾನುವಾರ. ಹೊರಗೆ ಮಳೆ ಹಿಡಿದು ಹೊಡೆಯುತ್ತಿತ್ತು. ಆಟಕ್ಕೆ ಐದು ಮಂದಿ: ನಾನು, ದೇವಿದಾಸ, ರಾಜೀವ, ದತ್ತಾ, ಮತ್ತೆ ಅದಿರು ಲಾರಿಯ ಚಾಲಕ ವಿಕಾಸ. ದೇವಿದಾಸ ಆ ಎರಡೂವರೆ ಸಾವಿರ ರೂಪಾಯಿಯನ್ನೂ ತಂದು ಗೇರುಬೀಜ, ಚಿಪ್ಪು ಮಾಡಿಸಿಕೊಂಡು ಕೂತಿದ್ದ. ಗಾಡಿಯ ವಿಷಯ ಎಲ್ಲರಿಗೂ ಗೊತ್ತಿತ್ತು, ಹಾಗಾಗಿ ಅಂದು ತಮಾಷೆ ಕಡಿಮೆ. ಎರಡು ತಾಸು ಏನೂ ಬರಲಿಲ್ಲ. ಆಮೇಲೆ ಅವನು ಮೂರು ಬೀಜ ಎಣಿಸಿ ಮುಂದಿಟ್ಟ. ಗೋಡೆಯ ಮೇಲಿನ ಪಟ್ಟಿ ಮಾಸಿದ್ದರೂ ನಮಗೆಲ್ಲ ಬಾಯಿಪಾಠವಾಗಿತ್ತು. ರಾಜನ ಜೋಡಿ. ಒಬ್ಬೊಬ್ಬರಾಗಿ ಎಲೆ ಎಸೆದೆವು. ನಾನೂ ಎಸೆದೆ. ಅವನು ಮೂವತ್ತು ರೂಪಾಯಿ ಬಾಚಿಕೊಂಡು ಎರಡು ರಾಜರನ್ನು ತೋರಿಸಿದ.

ದತ್ತಾ ಚಹಕ್ಕೆ ನೀರಿಟ್ಟ. ನಾನು ದೇವಿದಾಸನ ರಟ್ಟೆ ಹಿಡಿದು ಐಸು ಒಡೆಯುವ ಮಿಷನ್ನಿನ ಹಿಂದೆ ಎಳೆದುಕೊಂಡು ಹೋದೆ.

“ನಿಂಗೆ ತಲೆ ಉಂಟಾ ಇಲ್ವಾ? ರಾಜನ ಜೋಡಿ ಬಂದು ಮೂವತ್ತು ರೂಪಾಯಿ. ಮೂವತ್ತು ರೂಪಾಯಿಗೆ ಬೊಮ್ಮು ಸ್ಕ್ರೂ ಸಹ ಕೊಡೂದಿಲ್ಲ. ನಾಲ್ಕು ವರ್ಷ ಆಯ್ತು ನಾ ಬಡ್ಕೊಳ್ಳೂಕೆ ಹಿಡಿದು.”

“ಎಂಟು ಇಡ್ಬೇಕು ಅಂತ ಮಾಡ್ತೆ, ಮಾಸ್ತರಾ. ಕೈ ಬೀಜಕ್ಕೇ ಹೋಗ್ತದೆ.”

“ಹಾಂಗಾದ್ರೆ ಎಂಟು ಇಡ್ಬೇಡ. ಎರಡು ಇಡು. ಎಕ್ಕ ಬರಲಿ, ರಾಜ ಬರಲಿ, ತಾರ್ಲೆ ಬಂದವರ ಹಾಂಗೆ ಎರಡು ಚಿಪ್ಪು ಇಟ್ಟು ಸುಮ್ನೆ ಕೂತ್ಕೊ. ಎಲ್ಲರೂ ಬರ್ಲಿ. ಆಮೇಲೆ ಬಾಚು.”

ಅವನು ಮಿಷನ್ನಿನ ಹಲ್ಲುಗಳ ಮೇಲೆ ಬೆರಳಾಡಿಸಿದ.

“ಅದು ಸುಳ್ಳು ದರ ಆಗೂದಿಲ್ವಾ?”

“ಆಟದಲ್ಲಿ ಸುಳ್ಳು ಎಂತದು? ನಿಂಗೆ ಗಾಡಿ ಬೇಕಾ, ಬೇಡ್ವಾ?”

ಬೇಕು ಎಂದು ತಲೆಯಾಡಿಸಿದ.

ನಾನು ಹೇಳಿದ್ದು ತಪ್ಪು ಎಂದು ಹೇಳುವಾಗಲೇ ನನಗೆ ಗೊತ್ತಿತ್ತು. ಅಗ್ಗಕ್ಕೆ ನಾಲ್ಕು ಜನರನ್ನು ಒಳಗೆ ಬಿಟ್ಟುಕೊಂಡರೆ ಎಕ್ಕ ಐವತ್ತೈದಕ್ಕೆ ಇಳಿಯುತ್ತದೆ ಎಂದು ಅವನ ಜಗಲಿಯಲ್ಲೇ ಕೂತು ಹತ್ತು ಸಲ ಹೇಳಿದವನು ನಾನೇ. ಆದರೆ ಸಿಟ್ಟು ಬಂದ ಮಾಸ್ತರನಿಗೆ ಲೆಕ್ಕ ಯಾರಿಗೆ ಬೇಕು? ಏನೋ ಒಂದು ಮಾಡಲಿ, ಆ ನಾಲ್ಕು ಬೀಜ ಮಾತ್ರ ಇಡದಿರಲಿ ಎನಿಸಿತ್ತು. ಚಹ ಕುಡಿದು ಬಂದು ಕೂತೆವು.

ಅರ್ಧ ತಾಸು ಆಗಿರಬೇಕು. ನನ್ನದು ಎರಡು ಚಿಪ್ಪಿನ ಸರದಿ. ಎಲೆ ನೋಡುವ ಮೊದಲೇ ಇಟ್ಟಾಗಿತ್ತು. ಬಂದದ್ದು ಕಳಾವರ ಏಳು, ಕಳಾವರ ನಾಲ್ಕು. ಕಸ. ನನ್ನ ಪಕ್ಕದಲ್ಲಿ ದೇವಿದಾಸ. ಎಲೆ ನೋಡಿ ಕೆಳಗಿಟ್ಟು ಎರಡು ಚಿಪ್ಪು ಮುಂದೆ ತಳ್ಳಿದ. ವಿಕಾಸ ಎರಡು ಹಾಕಿದ, ದತ್ತಾ ಎರಡು ಹಾಕಿದ, ರಾಜೀವನೂ ಹಾಕಿದ. ಯಾರೂ ಹೆಚ್ಚಿಗೆ ಇಡಲಿಲ್ಲ. ನನಗೆ ಇನ್ನೇನೂ ಇಡುವ ಖರ್ಚಿಲ್ಲ. ಪುಕ್ಕಟೆ ಸಿಕ್ಕಿತೆಂದು ನಾನೂ ಉಳಿದೆ.

ನಡುವೆ ಮೂರು ಎಲೆ ಬಿಚ್ಚಿದರು. ಏಳು, ಗುಲಾಮ, ನಾಲ್ಕು.

ಏಳಕ್ಕೆ ಏಳು, ನಾಲ್ಕಕ್ಕೆ ನಾಲ್ಕು. ನನ್ನ ಕಸಕ್ಕೆ ಎರಡು ಜೋಡಿ ಸಿಕ್ಕಿಬಿಟ್ಟವು. ಎಂಟು ಚಿಪ್ಪು ಇಟ್ಟೆ. ದೇವಿದಾಸ ಮೂರು ಬೀಜ ಇಟ್ಟ. ಉಳಿದ ಮೂವರು ಎಲೆ ಎಸೆದರು. ಇವನ ಹತ್ತಿರ ಗುಲಾಮನ ಜೋಡಿ ಬಿದ್ದಿರಬೇಕು, ಹೆಚ್ಚೇನಿಲ್ಲ ಎಂದುಕೊಂಡೆ. ಯಾಕೆಂದರೆ ಮೊದಲು ಎರಡೇ ಚಿಪ್ಪು ಇಟ್ಟಿದ್ದ. ದೇವಿದಾಸ ಎರಡು ಚಿಪ್ಪು ಇಟ್ಟನೆಂದರೆ ಪಟ್ಟಿಯ ಕೊನೆಯ ಸಾಲು. ನಾಲ್ಕು ವರ್ಷದಲ್ಲಿ ಒಂದು ದಿನವೂ ತಪ್ಪದ ಪಟ್ಟಿ. ಅರ್ಧ ತಾಸಿನ ಹಿಂದೆ ಅದೇ ಮಿಷನ್ನಿನ ಹಿಂದೆ ನಾನೇ ಆಡಿದ ಮಾತು ನನಗೆ ನೆನಪಾಗಲಿಲ್ಲ. ದೇವರಾಣೆ ನೆನಪಾಗಲಿಲ್ಲ. ಅವನು ಸುಳ್ಳು ದರ ಹೇಳಬಲ್ಲ ಎಂಬುದನ್ನು ನನ್ನ ತಲೆ ಒಪ್ಪಿರಲೇ ಇಲ್ಲ.

ಹತ್ತು ಬೀಜ ಇಟ್ಟೆ. ಅವನು ಮುಂದಿದ್ದದ್ದನ್ನೆಲ್ಲ ಎರಡೂ ಕೈಯಿಂದ ತಳ್ಳಿದ. ನಾನೂ ಅಷ್ಟೇ ಎಣಿಸಿ ಇಟ್ಟೆ, ಯೋಚನೆ ಮಾಡದೆ. ಇನ್ನುಳಿದ ಎರಡು ಎಲೆ ಬಂದವು, ಒಂಬತ್ತು ಮತ್ತು ರಾಜ. ನಾನು ಏಳು-ನಾಲ್ಕು ತೋರಿಸಿದೆ.

ದೇವಿದಾಸ ತನ್ನ ಎಲೆ ತಿರುಗಿಸಿದ. ಇಸ್ಪೀಟಿನ ಎಕ್ಕ, ಆಟೀನಿನ ಎಕ್ಕ.

ದೊಡ್ಡದಾದರೂ ಒಂದೇ ಜೋಡಿ. ರಾಶಿ ನನ್ನದಾಯಿತು. ದೇವಿದಾಸ ನನ್ನ ಮುಖ ನೋಡಿದ. ಸಿಟ್ಟಿರಲಿಲ್ಲ. ಲೆಕ್ಕ ಬಿಡಿಸಿ ಪಾಟಿ ತಂದು ತೋರಿಸುವವನ ಹಾಗೆ ಇದ್ದ.

“ನೀ ಹೇಳಿದ ಹಾಂಗೇ ಮಾಡಿದೆ, ಮಾಸ್ತರಾ.”

ಅವನು ಎಂಟು ಚಿಪ್ಪು ಇಟ್ಟಿದ್ದರೆ ಆ ಕಸವನ್ನು ನಾನು ಕಣ್ಣುಮುಚ್ಚಿ ಎಸೆಯುತ್ತಿದ್ದೆ. ಅವನ ನಾಲ್ಕು ಬೀಜವನ್ನೇ ಇಟ್ಟಿದ್ದರೂ ಎಸೆಯುತ್ತಿದ್ದೆ. ಮೂವತ್ತು ರೂಪಾಯಿ ಬಾಚಿಕೊಂಡು, ಎರಡೂವರೆ ಸಾವಿರವನ್ನು ಹಾಗೆಯೇ ಇಟ್ಟುಕೊಂಡು ಮನೆಗೆ ಹೋಗುತ್ತಿದ್ದ. ಅವನ ದಡ್ಡ ದರ ಅವನನ್ನು ಗೆಲ್ಲಿಸಿರಲಿಲ್ಲ, ನಿಜ. ಆದರೆ ನಾಲ್ಕು ವರ್ಷ ಒಂದು ದಿನವೂ ಅವನನ್ನು ಮುಳುಗಿಸಿರಲೂ ಇಲ್ಲ. ಇದನ್ನು ನಾನು ಅಲ್ಲಿಯವರೆಗೆ ಲೆಕ್ಕಕ್ಕೇ ಹಿಡಿದಿರಲಿಲ್ಲ.

ರಾಶಿಯನ್ನು ಅವನ ಕಡೆ ತಳ್ಳಿದೆ. “ತಕಾ ಮಾರಾಯಾ, ಇದು ಆಟ ಅಲ್ಲ,” ಎಂದೆ.

“ಹಾಂಗೆ ಹ್ಯಾಂಗೆ? ದರ ಆಗಿ ಬುಟ್ಟಿ ಎತ್ತಿದ ಮೇಲೆ ವಾಪಸ್ ಕೊಡೂದುಂಟಾ?” ಎಂದು ಎದ್ದು, ಮೂಲೆಯಲ್ಲಿದ್ದ ಕೊಡೆ ತೆಗೆದುಕೊಂಡು ಹೊರಟುಹೋದ. ರಾಜೀವ ಎಲೆಗಳನ್ನು ಜೋಡಿಸಿ ಡಬ್ಬಿಗೆ ಹಾಕಿದ. ಆ ವರ್ಷ ಮತ್ತೆ ಅದನ್ನು ತೆಗೆಯಲಿಲ್ಲ.

ಮರುದಿನ ಶಾಲೆ ಮುಗಿಸಿ, ಅವನು ಮನೆಯಲ್ಲಿಲ್ಲದ ಹೊತ್ತು ನೋಡಿ ದುಡ್ಡು ತೆಗೆದುಕೊಂಡು ಹೀರಾಳ ಹತ್ತಿರ ಹೋದೆ. ಅವಳು ಒಳಗೆ ಒಲೆಯ ಹತ್ತಿರ ಒಣಮೀನು ಹರವುತ್ತಿದ್ದಳು. ಲಕೋಟೆ ಚಾಚಿದೆ. ಅವಳು ಕೈ ಒರೆಸಿಕೊಳ್ಳಲಿಲ್ಲ.

“ನಾ ಇದು ತಕಂಡ್ರೆ ಅವರು ಮನೇಲಿ ಊಟ ಮಾಡೂದಿಲ್ಲ, ಮಾಸ್ತರ್ರೆ. ನಂಗೆ ಅದು ಬೇಡ.”

“ತಪ್ಪು ನಂದು, ಹೀರಾ. ಹೇಳಿಕೊಟ್ಟವನು ನಾನು.”

“ಹೌದು, ನಿಮ್ಮದೇ,” ಎಂದಳು. “ಬರದ ಕೆಲಸ ಅವರ ಹತ್ರ ಎಂತಕೆ ಮಾಡಿಸೂಕೆ ಹೋದ್ರಿ?”

ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಬುಧವಾರ ಅರ್ಧ ದಿನದ ರಜೆ ಹಾಕಿ ಅಂಕೋಲೆಗೆ ಹೋದೆ. ದೇವಿದಾಸನಿಗೆ ತಿಳಿಯದ ಹಾಗೆ ಬೊಮ್ಮುವಿಗೇ ದುಡ್ಡು ಕೊಟ್ಟು ಗಾಡಿ ಸರಿ ಮಾಡಿಸುವುದು, ಆಮೇಲೆ ಬಂದದ್ದು ಬರಲಿ ಎಂದುಕೊಂಡಿದ್ದೆ. ಬೊಮ್ಮು ಕೈಯ ಗ್ರೀಸು ಒರೆಸುತ್ತ ಖಾಲಿ ಜಾಗ ತೋರಿಸಿದ. ನಿನ್ನೆಯೇ ದೇವಿದಾಸ ಬಂದು ಗಾಡಿಯನ್ನು ಗುಜರಿಯವನಿಗೆ ಕೊಟ್ಟು, ಆ ದುಡ್ಡಿನಲ್ಲಿ ಒಂದು ಹಳೆಯ ಅಟ್ಲಾಸ್ ಸೈಕಲ್ ತೆಗೆದುಕೊಂಡು ಹೋಗಿದ್ದ. ಒಂದು ದಿನ. ಒಂದೇ ಒಂದು ದಿನ ತಡ. ಬಸ್ ಸ್ಟ್ಯಾಂಡಿನವರೆಗೆ ನನ್ನನ್ನು ನಾನೇ ಬೈದುಕೊಳ್ಳುತ್ತ ಬಂದೆ. ಎದುರು ಸಿಕ್ಕ ಹೆಡ್‌ಮಾಸ್ತರರು ಏನಾಯಿತು ಎಂದು ಕೇಳಿದರೆ ಅವರ ಮೇಲೂ ಹರಿಹಾಯ್ದೆ.

ಆಗಸ್ಟಿನಲ್ಲಿ ಬೋಟು ಇಳಿದವು. ಎಂಟು ಗಂಟೆಗೇ ಸುಬ್ಬನ ಟೆಂಪೊ ಹಟ್ಟಿಕೇರಿಗೆ ಬರತೊಡಗಿತು. ನೂರು ಎಂದು ಶುರು ಮಾಡಿ, ಆಣೆ ಪ್ರಮಾಣ ಹಾಕಿ, ಅರವತ್ತಕ್ಕೆ ಕೊಡುತ್ತಿದ್ದ. ಹೆಂಗಸರು ಕಿವಿರು ಎತ್ತಿ ನೋಡಿ, ಮೂಗು ಮುರಿದು, ತೆಗೆದುಕೊಳ್ಳುತ್ತಿದ್ದರು. ದೇವಿದಾಸ ಈಗಲೂ ಮೊದಲು ಮಂಜಗುಣಿಗೇ ಹೋಗುತ್ತಿದ್ದ, ಸೈಕಲ್ ತುಳಿದುಕೊಂಡು. ಹತ್ತಿರದವರಿಗೆ ಮೊದಲು ಕೊಡು ಮಾರಾಯಾ ಎಂದರೆ, ತಿಮ್ಮಿ ಪಾಗಾರದ ಮೇಲೆ ಪಾತ್ರೆ ಇಟ್ಟಿರುತ್ತಾಳಲ್ಲ ಎನ್ನುತ್ತಿದ್ದ. ನಮ್ಮ ಓಣಿಗೆ ಬರುವಾಗ ಹನ್ನೊಂದೂವರೆ. ಅಷ್ಟು ಹೊತ್ತಿಗೆ ಬಿಸಿಲು ಏರಿ ಐಸು ನೀರಾಗಿ ಹಿಂದಿನ ಚಕ್ರದ ಮೇಲೆ ಸುರಿಯುತ್ತಿರುತ್ತಿತ್ತು. ಒಂದೊಂದಾಗಿ ಮನೆಗಳು ಬಿಟ್ಟವು. “ಪಾಪ, ಒಳ್ಳೆಯವನೇ. ಆದರೆ ಅಷ್ಟು ಹೊತ್ತಿನ ಮೀನು ಹೇಗಿರುತ್ತದೋ,” ಎಂದು ವಿನುತಾಳೂ ಒಂದು ದಿನ ಸುಬ್ಬನ ಹತ್ತಿರ ತಂದಳು. ನಾನು ತಟ್ಟೆ ಸರಿಸಿ ಎದ್ದೆ. ಅವಳು ಮತ್ತೆ ತರಲಿಲ್ಲ.

ಒಂದು ಭಾನುವಾರ ಹನ್ನೆರಡಾಗುತ್ತ ಬಂದಿತ್ತು. ಪೋಂ ಕೇಳಿತು. ಎಂ-ಎಯ್ಟಿಯ ಹಾರ್ನನ್ನೇ ಬಿಚ್ಚಿ ಸೈಕಲ್ಲಿಗೆ ಕಟ್ಟಿಕೊಂಡಿದ್ದ. ವಿನುತಾ ಒಳಗಿದ್ದಳು. ನಾನೇ ಪಾತ್ರೆ ಹಿಡಿದು ಹೋದೆ. ಓಣಿಯಲ್ಲಿ ಬೇರೆ ಯಾರೂ ಹೊರಗೆ ಬರಲಿಲ್ಲ. ಅವನ ಅಂಗಿ ಬೆನ್ನಿಗೆ ಅಂಟಿತ್ತು.

“ಬಂಗಡೆ ಹ್ಯಾಂಗೆ?”

“ಐವತ್ತಕ್ಕೆ ಎಂಟು.”

ಅವನು ಪೆಟ್ಟಿಗೆಯಿಂದ ಎಂಟು ಎಣಿಸಿ ಪಾತ್ರೆಗೆ ಹಾಕಿದ. ಐಸಿನ ಚೂರೊಂದೂ ಉಳಿದಿರಲಿಲ್ಲ, ಪೆಟ್ಟಿಗೆಯೊಳಗೆ ಬರಿಯ ನೀರು. ನಾನು ಜೇಬಿನಿಂದ ನೋಟು ತೆಗೆಯಲು ಹೋದೆ ಎಂದುಕೊಂಡಿದ್ದೆ. ಆದರೆ ನನ್ನ ಕೈ ಜೇಬಿಗೆ ಹೋಗಿರಲಿಲ್ಲ. ಮೇಲಿನ ಬಂಗಡೆಯ ಕಿವಿರಿನ ಕೆಳಗೆ ನನ್ನ ಹೆಬ್ಬೆರಳಿತ್ತು. ಎತ್ತಿ ನೋಡಿಬಿಟ್ಟಿದ್ದೆ.

ಕೆಂಪಗಿತ್ತು.

ದೇವಿದಾಸ ನನ್ನ ಹೆಬ್ಬೆರಳನ್ನು ನೋಡಿದ. ನಾನು ಕೈ ಹಿಂದೆ ತೆಗೆದೆ. ಅವನು ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿದ. ನನ್ನ ಕೈಯಿಂದ ಪಾತ್ರೆ ತೆಗೆದುಕೊಂಡು ನಮ್ಮ ಪಾಗಾರದ ಮೇಲೆ ಇಟ್ಟ.

“ಒಂದು ನೋಡಿದ್ರೆ ಹ್ಯಾಂಗೆ ಗೊತ್ತಾಗ್ತದೆ, ಮಾಸ್ತರಾ?” ಎಂದ. “ಎಲ್ಲಾ ನೋಡು.”

ಬೇಡ ಮಾರಾಯಾ ಎಂದೆ. ಅವನು ಕೇಳಲಿಲ್ಲ. ಬಾಗಿ ನಿಂತು, ಒಂದೊಂದೇ ಮೀನನ್ನು ಎತ್ತಿ, ತನ್ನ ಹೆಬ್ಬೆರಳಿನಿಂದಲೇ ಕಿವಿರು ಬಿಡಿಸಿ ನನ್ನ ಮುಖದ ಮುಂದೆ ಹಿಡಿದು ತೋರಿಸಿ ಪಕ್ಕಕ್ಕಿಟ್ಟ. ಎಂಟೂ ಕೆಂಪಗಿದ್ದವು.